ಬೀಳಗಿಯ ಗೋಹರಬಾಯಿ

ಕೃಷ್ಣಾ ಘಟಪ್ರಭೆಗಳ ನಡುವಣ ಸೀಮೆಯಲ್ಲಿ, ಜಮಖಂಡಿಯನ್ನು ಪಟವರ್ಧನರೂ ಮುಧೋಳವನ್ನು ಘೋರ್ಪಡೆಯವರೂ ಆಳುತ್ತಿದ್ದ ಕಾಲಕ್ಕೆ, ದರಬಾರಿನಲ್ಲಿ ಮರಾಠಿಯೂ ಪೇಟೆಯಲ್ಲಿ ಕನ್ನಡವೂ ಅನೇಕ ಮನೆಗಳೊಳಗೆ ದಖನಿ ಉರ್ದುವೂ ಒಟ್ಟಿಗೇ ಸಲ್ಲುತ್ತಿದ್ದವು. ಇಂಥ ನೆಲದ ಬೀಳಗಿಯಲ್ಲಿ, ಸಂಗೀತ ನಾಟಕಗಳನ್ನೇ ನೆಚ್ಚಿದ್ದ ಮುಸಲ್ಮಾನ ಮನೆತನವೊಂದರಲ್ಲಿ ಜನಿಸಿದವರು ಗೋಹರಬಾಯಿ ಕರ್ನಾಟಕಿ. ಅವರ ಸೋದರಿ ಅಮೀರಬಾಯಿಯನ್ನು 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶವೇ ಬಲ್ಲದು. ಗೋಹರಬಾಯಿಯವರ ಹೆಸರಾದರೋ ಮರಾಠಿ ಸಂಗೀತ ನಾಟಕದಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾದ ಗಾಯಕನಟ ಬಾಲಗಂಧರ್ವರ ಚರಿತ್ರೆಯ ನಡುವೆ ಬಂದುಹೋಗುವ ಹೆಸರಾಗಿಯೇ ಉಳಿದಿದೆ. ಇದು ನ್ಯಾಯವಲ್ಲ.

ಕನ್ನಡ ನಾಟಕ ಕಂಪನಿಗಳಲ್ಲಿ ಪಳಗಿ, ಮುಂಬಯಿಯ ಚಿತ್ರಪಟಗಳಲ್ಲಿಯೂ ಪಾತ್ರ ವಹಿಸಿದ ಅವರು 1930ರ ದಶಕದ ಕೊನೆಗೆ ಬಾಲಗಂಧರ್ವರ ಗಂಧರ್ವ ನಾಟಕ ಮಂಡಳಿಯನ್ನು ಸೇರಿದರು. ಮರಾಠಿ ಸಂಗೀತ ನಾಟಕವು ಕನ್ನಡತಿಗೆ ಪರರ ಮನೆಯೇನೂ ಆಗಿರಲಿಲ್ಲ. 1880ರಲ್ಲಿ ಕಾಳಿದಾಸನ ಶಾಕುಂತಲವನ್ನು ಮರಾಠಿಗೆ ತಂದು ಆ ಪರಂಪರೆಗೆ ಅಸ್ತಿಭಾರವಿಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ನಾಟಕದ ಪದಗಳಲ್ಲಿ ಕೆಲವಕ್ಕೆ ಕನ್ನಡ ಹಾಡುಗಳ ಧಾಟಿಯೇ ಆಧಾರ.

ಆದರೆ ಗೋಹರಬಾಯಿಯವರಿಗೆ ಎದುರಾದ ಪರೀಕ್ಷೆ ಬೇರೆ ಬಗೆಯದು. ‘ಸ್ವಯಂವರ’ದ ರುಕ್ಮಿಣಿಯಾಗಿ, ‘ಏಕಚ್ ಪ್ಯಾಲಾ’ದ ಸಿಂಧುವಾಗಿ ಬಾಲಗಂಧರ್ವರು ಉಟ್ಟ ಸೀರೆಯ ನಿರಿಗೆಯನ್ನೂ ಮುಡಿದ ಹೂವಿನ ಬಗೆಯನ್ನೂ ಪುಣೆ ಮುಂಬಯಿಗಳ ಗೃಹಿಣಿಯರೇ ಅನುಕರಿಸುತ್ತಿದ್ದರು. ಪುರುಷನೊಬ್ಬನ ಸ್ತ್ರೀತ್ವವನ್ನೇ ಸ್ತ್ರೀತ್ವದ ಪ್ರಮಾಣವೆಂದು ಒಪ್ಪಿಕೊಂಡಿದ್ದ ಪ್ರೇಕ್ಷಕವರ್ಗದೆದುರು, ಅದೇ ಮಂಡಳಿಯಲ್ಲಿ ನಾಯಿಕೆಯಾಗಿ ಒಬ್ಬ ಸ್ತ್ರೀ ನಿಲ್ಲಬೇಕು. ಆ ಮಹಾನಟರೇ ಈಗ ಗಂಡುವೇಷ ತೊಟ್ಟು ಪಕ್ಕದಲ್ಲಿರಬೇಕು. ಅವರ ಗಾಯನಶೈಲಿಯನ್ನೇ ಕಂಠಸ್ಥ ಮಾಡಿಕೊಂಡವಳು ಪದವನ್ನೆತ್ತಿಕೊಂಡ ಕ್ಷಣವೇ ಸಭೆಯು ಮೊದಲಿನ ಕಂಠವನ್ನು ನೆನೆದು ತೂಗಿನೋಡಬೇಕು! ಇದಕ್ಕಿಂತ ಕಠಿನವಾದ ಪಾತ್ರಪ್ರವೇಶವನ್ನು ನಾನು ಬೇರೆ ಕಾಣೆ.

ಅದೇ ಮಂಡಳಿಯಲ್ಲಿ ಮುಸಲ್ಮಾನರೇ ಆದ ತಿರಖ್ವಾ ಖಾನ್‌ಸಾಹೇಬರ ತಬಲಾಕ್ಕೂ ಕಾದರಬಕ್ಷರ ಸಾರಂಗಿಗೂ ರಸಿಕರು ತಲೆದೂಗಿದವರೇ. ಸಾಥಿಗೆ ಕುಳಿತ ಕಲಾವಿದನ ಮತವನ್ನು ಕೇಳದ ಸಮಾಜವು, ಹೆಣ್ಣೊಬ್ಬಳು ಬಾಲಗಂಧರ್ವರ ಬಾಳಿನೊಳಗೂ ಬಂದಾಗ ಮಾತ್ರ ಅದನ್ನು ಎತ್ತಿ ಆಡಿತು. 1951ರಲ್ಲಿ ಅವರಿಬ್ಬರ ವಿವಾಹವಾಯಿತು. ಮುಂದೆ ಪತಿಯ ಕಾಲುಗಳ ಶಕ್ತಿಯುಡುಗಿದ ದಿನಗಳಲ್ಲಿ, 1964ರಲ್ಲಿ ತಾವು ತೀರಿಕೊಳ್ಳುವವರೆಗೆ, ಅವರನ್ನು ನೋಡಿಕೊಂಡವರು ಗೋಹರಬಾಯಿಯೇ.

ಬಾಲಗಂಧರ್ವರ ಅವನತಿಗೆ ಈಕೆಯೇ ಕಾರಣಳೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಕಾಲಕ್ರಮವನ್ನು ನೋಡಿದರೆ ಅದು ನಿಲ್ಲದು. ಅತ್ತರು, ಜರತಾರಿ, ಹೊಸಹೊಸ ಪರದೆಗಳಿಗೆ ಹಣ ಸುರಿದ ಮಂಡಳಿಯು 1920ರ ದಶಕದಲ್ಲಿಯೇ ಸಾಲದ ಹೊರೆ ಹೊತ್ತಿತ್ತು. 1931ರ ತರುವಾಯ ಮಾತನಾಡುವ ಚಿತ್ರಗಳು ಪ್ರೇಕ್ಷಕರನ್ನು ಸೆಳೆದುಕೊಂಡವು. 1935ರ ವೇಳೆಗೆ ಬಾಲಗಂಧರ್ವರೇ ಪ್ರಭಾತ ಸಂಸ್ಥೆಯ ‘ಧರ್ಮಾತ್ಮಾ’ದಲ್ಲಿ ಏಕನಾಥರಾಗಿ ಅಭಿನಯಿಸಿಯಾಗಿತ್ತು. ಬೀಳಗಿಯ ಈ ನಟಿ ಆ ರಂಗವನ್ನೇರಿದ್ದು ಇವೆಲ್ಲ ನಡೆದ ಮೇಲೆ.