ಅಂಡರ್-21 ಯೂರೋ: ಆಡಿದ ಹುಡುಗರು ಆಮೇಲೆ ಏನಾದರು?

ಯೂರೋ ಕಪ್ ಅಂದ್ರೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತು, ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಬೆಟ್ಟಿಂಗೂ ನಡೆಯುತ್ತೆ. ಅದಕ್ಕೊಬ್ಬ ತಮ್ಮ ಇದ್ದಾನೆ. ಎರಡು ವರ್ಷಕ್ಕೊಮ್ಮೆ ಬಂದು ಹೋಗ್ತಾನೆ, ಯಾರೂ ಅಷ್ಟಾಗಿ ವಿಚಾರಿಸಲ್ಲ. ಯುಇಎಫ್‌ಎ 1978ರಿಂದ ನಡೆಸುತ್ತಿರುವ ಅಂಡರ್-21 ಯೂರೋ ಅದು. ಈಗ 16 ದೇಶಗಳು ಆಡುತ್ತವೆ. ಇಟಲಿ, ಸ್ಪೇನ್ ತಲಾ ಐದು ಸಲ ಗೆದ್ದಿವೆ. 2025ರ ಕಪ್ ಇಂಗ್ಲೆಂಡಿನದು.

ಮೊದಲು ಹೆಸರಿನ ಗೊಂದಲ ಬಿಡಿಸಿಬಿಡೋಣ. ಅಂಡರ್-21 ಅಂತಾರೆ, ಆದ್ರೆ ಮೈದಾನದಲ್ಲಿ 23ರ ಹುಡುಗರು ಇರ್ತಾರೆ. ಮೋಸ ಏನಿಲ್ಲ, ವಯಸ್ಸನ್ನು ಲೆಕ್ಕ ಹಾಕೋದು ಅರ್ಹತಾ ಸುತ್ತು ಶುರುವಾದಾಗಿನಿಂದ. ಆ ಸುತ್ತೇ ಒಂದು ವರ್ಷಕ್ಕಿಂತ ಹೆಚ್ಚು ಎಳೆಯುತ್ತೆ. 2025ರ ಜೂನ್‌ನಲ್ಲಿ ಸ್ಲೊವಾಕಿಯಾದಲ್ಲಿ ಆಡಬೇಕಾದರೆ 2002ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿರಬೇಕಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿ ಮೊದಲ ಅಪ್ರೈಸಲ್ ನೋಡಿದ ವಯಸ್ಸು.

ಹಾಗಾಗಿಯೇ ನನಗೆ ಈ ಟೂರ್ನಿಯಲ್ಲಿ ಕಪ್‌ಗಿಂತ ಹುಡುಗರ ಮುಂದಿನ ದಾರಿ ಹೆಚ್ಚು ಕುತೂಹಲದ್ದು. ಇದಕ್ಕೆ 2009ರ ಫೈನಲ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಜೂನ್ 29, ಸ್ವೀಡನ್ನಿನ ಮಾಲ್ಮೋ. ಜರ್ಮನಿ 4, ಇಂಗ್ಲೆಂಡ್ 0. ಅವತ್ತು ಜರ್ಮನಿಗೆ ಆಡಿದವರ ಹೆಸರು ಕೇಳಿ: ನೊಯರ್, ಬೊಆಟೆಂಗ್, ಹುಮೆಲ್ಸ್, ಹೊವೆಡೆಸ್, ಖೆದಿರಾ, ಓಜಿಲ್. ಐದು ವರ್ಷದ ನಂತರ ಬ್ರೆಜಿಲ್‌ನಲ್ಲಿ ವಿಶ್ವಕಪ್ ಗೆದ್ದ ಜರ್ಮನ್ ತಂಡದಲ್ಲಿ ಈ ಆರೂ ಜನ ಇದ್ದರು. ಐವರು ಫೈನಲ್‌ನ ಮೊದಲ ಹನ್ನೊಂದರಲ್ಲೇ ಇದ್ದರು. ಆರನೆಯ ಖೆದಿರಾ, ಪಾಪ, ವಾರ್ಮಪ್‌ನಲ್ಲಿ ಕಾಲು ನೋವು ಮಾಡಿಕೊಂಡು ಹೊರಗುಳಿದರು.

ಇದು ಅದೃಷ್ಟ ಅಲ್ಲ. 2000ರ ಯೂರೋದಲ್ಲಿ ಜರ್ಮನಿ ಮೂರು ಪಂದ್ಯಕ್ಕೆ ಒಂದೇ ಅಂಕ ತಗೊಂಡು ಗುಂಪಿನಲ್ಲಿ ಕೊನೆಗೆ ಬಿದ್ದಿತ್ತು. ಆಮೇಲೆ ಅವರು ಕೋಚ್ ಬದಲಿಸಿ ಸುಮ್ಮನಾಗಲಿಲ್ಲ. ಅಕಾಡೆಮಿ ಇಲ್ಲದ ಕ್ಲಬ್‌ಗೆ ಬುಂಡೆಸ್‌ಲೀಗಾ ಲೈಸೆನ್ಸ್ ಇಲ್ಲ ಅಂದುಬಿಟ್ಟರು. ದೇಶದುದ್ದಕ್ಕೂ ಮಕ್ಕಳಿಗೆ ತರಬೇತಿ ಕೇಂದ್ರ ತೆರೆದರು. 2008–09ರ ಹೊತ್ತಿಗೆ ಅಂಡರ್-17, ಅಂಡರ್-19, ಅಂಡರ್-21 ಮೂರೂ ಯೂರೋಪಿಯನ್ ಪ್ರಶಸ್ತಿ ಅವರ ಹತ್ತಿರ ಇತ್ತು. ಆ ಹುಡುಗರಲ್ಲಿ ವಲಸೆ ಬಂದ ಮನೆಗಳ ಮಕ್ಕಳು ಬಹಳ. ಓಜಿಲ್ ಕುಟುಂಬ ಟರ್ಕಿಯದು, ಖೆದಿರಾ ತಂದೆ ಟ್ಯುನೀಷಿಯಾದವರು, ಬೊಆಟೆಂಗ್ ತಂದೆ ಘಾನಾದವರು. ಅದೇ ಓಜಿಲ್ 2018ರಲ್ಲಿ ಜನಾಂಗೀಯ ಅಸಹನೆಯ ಆರೋಪ ಮಾಡಿ ರಾಷ್ಟ್ರೀಯ ತಂಡ ಬಿಟ್ಟರು ಅನ್ನೋದನ್ನೂ ಇದರ ಜೊತೆಗೇ ಹೇಳಬೇಕು.

ಸಾಮಾನ್ಯವಾಗಿ ಈ ಕಥೆ ಹೇಳೋರು ಇಲ್ಲಿಗೇ ನಿಲ್ಲಿಸ್ತಾರೆ. ಆದ್ರೆ ಅವತ್ತು ಎರಡು ಗೋಲು ಹೊಡೆದವರು ಸಾಂಡ್ರೋ ವಾಗ್ನರ್, ಗೊತ್ತಾ? ಅವರಿಗೆ ಹಿರಿಯರ ತಂಡದ ಜೆರ್ಸಿ ಸಿಕ್ಕಿದ್ದು 2017ರಲ್ಲಿ, 29ನೇ ವಯಸ್ಸಿಗೆ. ಎಂಟು ವರ್ಷ ಕಾಯುವಿಕೆ! ಫೇಬಿಯನ್ ಜಾನ್ಸನ್ ಅಮೆರಿಕದ ಪರ ಆಡಿದರು. 2014ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧವೇ ಇಳಿದರು. ಬೊಯೆನಿಷ್ ಪೋಲೆಂಡ್‌ಗೆ ಹೋದರು. ಬೇರೆ ದೇಶದ ಪೌರತ್ವದ ಹಕ್ಕೂ ಇದ್ದರೆ, ಕಿರಿಯರ ತಂಡಕ್ಕೆ ಆಡಿದ ಮೇಲೂ ದೇಶ ಬದಲಿಸಲು ಒಮ್ಮೆ ಅವಕಾಶ ಇದೆ. ನಮ್ಮ ಉನ್ಮುಕ್ತ್ ಚಂದ್ ನೆನಪಾಗ್ತಾರೆ ಅಲ್ವಾ? 2012ರ ಅಂಡರ್-19 ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ ಶತಕ ಹೊಡೆದ ನಾಯಕ, ಕೊನೆಗೆ ಅಮೆರಿಕ ಸೇರಿದರು.

ಇನ್ನು ಸೋತ ಇಂಗ್ಲೆಂಡ್. ಆ ಫೈನಲ್‌ನ ಮೊದಲ ಹನ್ನೊಂದು ಜನರಲ್ಲಿ 2014ರ ಬ್ರೆಜಿಲ್‌ಗೆ ಹೋದವರು ಜೇಮ್ಸ್ ಮಿಲ್ನರ್ ಒಬ್ಬರೇ. ಮಾರ್ಕ್ ನೋಬಲ್ ವೆಸ್ಟ್ ಹ್ಯಾಮ್‌ಗೆ 500ಕ್ಕೂ ಹೆಚ್ಚು ಪಂದ್ಯ ಆಡಿದರು, ಹಿರಿಯರ ಇಂಗ್ಲೆಂಡ್ ತಂಡದಿಂದ ಒಂದು ದಿನವೂ ಕರೆ ಬರಲಿಲ್ಲ. ಮಧ್ಯದಲ್ಲಿ ಆಡಿದ ಫ್ಯಾಬ್ರೀಸ್ ಮುವಾಂಬಾ ಬಾಲ್ಯದಲ್ಲಿ ಕಾಂಗೋದಿಂದ ಬಂದವರು. 2012ರ ಮಾರ್ಚ್ 17ರಂದು ಟಾಟನ್‌ಹ್ಯಾಮ್ ವಿರುದ್ಧ ಬೋಲ್ಟನ್ ಪರ ಆಡುವಾಗ ಮೈದಾನದಲ್ಲೇ ಕುಸಿದರು. 78 ನಿಮಿಷ ಹೃದಯ ತಾನಾಗಿ ಬಡಿಯಲಿಲ್ಲ. ಪ್ರೇಕ್ಷಕರ ನಡುವೆ ಇದ್ದ ಹೃದ್ರೋಗ ತಜ್ಞರೊಬ್ಬರು ಓಡಿ ಬಂದಿದ್ದರು. ಮುವಾಂಬಾ ಬದುಕಿದರು. ಆಟ ಮಾತ್ರ ಮುಗಿದಿತ್ತು, ವಯಸ್ಸು 23.

ಆ ಸೋಲುಗಳಿಂದ ಇಂಗ್ಲೆಂಡೂ ಪಾಠ ಕಲಿತಿತು. 2012ರಲ್ಲಿ ರಾಷ್ಟ್ರೀಯ ತರಬೇತಿ ಕೇಂದ್ರ ತೆರೆಯಿತು, ಕ್ಲಬ್ ಅಕಾಡೆಮಿಗಳಿಗೆ ದರ್ಜೆ ಕೊಡುವ ಪದ್ಧತಿ ಬಂತು. ಅದರ ಫಲ ನಮ್ಮ ಕಣ್ಣೆದುರೇ ಕಂಡಿತ್ತು. 2017ರ ಅಂಡರ್-17 ವಿಶ್ವಕಪ್ ಭಾರತದಲ್ಲೇ ನಡೀತು, ದೆಹಲಿ, ನವಿ ಮುಂಬೈಯಲ್ಲೂ ಪಂದ್ಯ ಇತ್ತು. ಕೋಲ್ಕತ್ತದ ಫೈನಲ್‌ನಲ್ಲಿ ಇಂಗ್ಲೆಂಡ್ 5–2ರಿಂದ ಸ್ಪೇನ್‌ನ್ನು ಸೋಲಿಸಿತು. ಆ ತಂಡದ ಗಿಬ್ಸ್-ವೈಟ್, ಸ್ಮಿತ್ ರೋ, ಏಂಜೆಲ್ ಗೋಮ್ಸ್ 2023ರಲ್ಲಿ ಅಂಡರ್-21 ಯೂರೋನೂ ಗೆದ್ದರು. ಜಾರ್ಜಿಯಾದ ಬಟುಮಿಯಲ್ಲಿ ಮತ್ತೆ ಸ್ಪೇನ್ ಎದುರಾಳಿ, 1–0. ಹೆಚ್ಚುವರಿ ಸಮಯದ ಒಂಬತ್ತನೇ ನಿಮಿಷದಲ್ಲಿ ಅಬೆಲ್ ರುಯಿಸ್ ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ಟ್ರಾಫರ್ಡ್ ತಡೆದುಬಿಟ್ಟರು. ಇಡೀ ಟೂರ್ನಿಯಲ್ಲಿ ಇಂಗ್ಲೆಂಡ್ ಒಂದೂ ಗೋಲು ಬಿಟ್ಟುಕೊಡಲಿಲ್ಲ.

ಆ ಟೂರ್ನಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆಯ ಹಾದಿಯೂ ಆಗಿತ್ತು. ಆದ್ರೆ ಚಾಂಪಿಯನ್ ಇಂಗ್ಲೆಂಡ್ ಹೋಗಲೇ ಇಲ್ಲ. ಒಲಿಂಪಿಕ್ಸ್‌ನಲ್ಲಿ ಗ್ರೇಟ್ ಬ್ರಿಟನ್ ಇದೆ, ಇಂಗ್ಲೆಂಡ್ ಅನ್ನೋ ದೇಶ ಇಲ್ಲ! ಸೋತ ಸ್ಪೇನ್ ಹೋಯಿತು, ಚಿನ್ನ ಗೆದ್ದಿತು. ಅಬೆಲ್ ರುಯಿಸ್ ಆ ತಂಡದಲ್ಲಿದ್ದರು. 2015ರಲ್ಲೂ ಇಂಥದ್ದೇ ಒಂದು ನಡೆದಿತ್ತು. ಪ್ರಾಗ್‌ನ ಫೈನಲ್‌ನಲ್ಲಿ ಪೋರ್ಚುಗಲ್ ಪೆನಾಲ್ಟಿಯಲ್ಲಿ ಸ್ವೀಡನ್‌ಗೆ ಸೋತಿತು, ಒಂದು ಪೆನಾಲ್ಟಿ ತಪ್ಪಿದ್ದು ವಿಲಿಯಂ ಕಾರ್ವಾಲ್ಯೋ. ಮರುವರ್ಷ ಅದೇ ಕಾರ್ವಾಲ್ಯೋ ಪ್ಯಾರಿಸ್‌ನಲ್ಲಿ ಹಿರಿಯರ ಯೂರೋ ಫೈನಲ್ ಆಡಿ ಗೆದ್ದರು.

ಮುಂದಿನ ಟೂರ್ನಿ 2027ರಲ್ಲಿ, ಅಲ್ಬೇನಿಯಾ ಮತ್ತು ಸರ್ಬಿಯಾ ಸೇರಿ ನಡೆಸುತ್ತವೆ. ಅಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾದರೆ ನಮಗೆ ಹನ್ನೆರಡೂವರೆ, ಬೆಳಗ್ಗೆ ಸ್ಟ್ಯಾಂಡಪ್ ಕಾಲ್ ಬೇರೆ ಇರುತ್ತೆ, ಗೊತ್ತು. ಹೈಲೈಟ್ಸ್ ನೋಡಿದರೂ ಸಾಕು. ಆದ್ರೆ ಫೈನಲ್‌ನಲ್ಲಿ ಸೋತವರ ಹನ್ನೊಂದು ಹೆಸರನ್ನೂ ಫೋನಿನಲ್ಲಿ ಒಂದು ಕಡೆ ಬರೆದಿಟ್ಟುಕೊಳ್ಳಿ.