ನಿಮ್ಮ ಕಾಲಿಗೆ ನಿಮ್ಮದೇ ಅಳತೆ

ರೆಡಿಮೇಡ್ ಅಂಗಿ ಎಲ್ಲರ ಮೈಗೂ ಹೊಂದುವುದಿಲ್ಲ, ಅಲ್ಲವೇ? ಕಂಪ್ಯೂಟರಿನಲ್ಲಿ ಕಟ್ಟುವ ಮನುಷ್ಯ ದೇಹದ ಮಾದರಿಗಳೂ ಹಾಗೆಯೇ.

1990ರಲ್ಲಿ ಅಮೆರಿಕದ ಸ್ಕಾಟ್ ಡೆಲ್ಪ್ ಮತ್ತು ಸಂಗಡಿಗರು ಕಾಲಿನ ಕಂಪ್ಯೂಟರ್ ಮಾದರಿಯೊಂದನ್ನು ಪ್ರಕಟಿಸಿದರು. ಮೂಳೆ, ಕೀಲುಗಳ ಜೊತೆಗೆ ಅದರಲ್ಲಿ 43 ಸ್ನಾಯು ಘಟಕಗಳಿದ್ದವು. ಆದರೆ ಅದು ಸಾಮಾನ್ಯ ವಯಸ್ಕರ ಕಾಲು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ತೊಡೆಮೂಳೆ ಎಷ್ಟೋ ಸಲ ತಿರುಚಿಕೊಂಡಿರುತ್ತದೆ. ದೊಡ್ಡವರ ಮಾದರಿಯನ್ನು ಬರೀ ಕುಗ್ಗಿಸಿದರೆ ಆ ತಿರುಚು ಅದರಲ್ಲಿ ಬರುವುದಿಲ್ಲ.

ಹಾಗಾದರೆ ಏನು ಮಾಡುತ್ತಾರೆ? ಮೊದಲು ಎಂಆರ್‌ಐ ಯಂತ್ರದಲ್ಲಿ ಪದರಪದರವಾಗಿ ಚಿತ್ರ ತೆಗೆಯುತ್ತಾರೆ. ಪ್ರತಿ ಪದರದಲ್ಲೂ ಮೂಳೆ, ಸ್ನಾಯುಗಳ ಅಂಚು ಗುರುತಿಸಿ, ಎಲ್ಲವನ್ನೂ ಜೋಡಿಸಿ ಆ ಮಗುವಿನದೇ ಕಾಲನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಬಳಿಕ ಮೈಮೇಲೆ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿ, ಕ್ಯಾಮೆರಾಗಳ ಮುಂದೆ ನಡೆಸುತ್ತಾರೆ. ಆ ನಡಿಗೆಯನ್ನು ಮಾದರಿಗೆ ಕೂಡಿಸಿದರೆ, ಪ್ರತಿ ಹೆಜ್ಜೆಯಲ್ಲೂ ಯಾವ ಸ್ನಾಯು ಎಷ್ಟು ಉದ್ದವಾಗುತ್ತದೆಂದು ಲೆಕ್ಕ ಸಿಗುತ್ತದೆ.

ಇಷ್ಟೆಲ್ಲ ಏಕೆ ಬೇಕು ಎನ್ನುವಿರಾ? ಮಂಡಿ ಮಡಚಿಕೊಂಡೇ ನಡೆಯುವ ಮಕ್ಕಳಿಗೆ ತೊಡೆಯ ಹಿಂಬದಿಯ ಸ್ನಾಯುವನ್ನು ಉದ್ದ ಮಾಡುವ ಶಸ್ತ್ರಚಿಕಿತ್ಸೆ ಉಂಟು. ಅದು ಗಿಡ್ಡವಾಗಿದೆ ಎಂಬುದೇ ಅದಕ್ಕೆ ಕಾರಣ. ಆದರೆ 1996ರಲ್ಲಿ ಡೆಲ್ಪ್ ತಂಡ ಮಾದರಿಯ ಮೂಲಕ ಅಳೆದಾಗ, ಅಂಥ ಹೆಚ್ಚಿನವರಲ್ಲಿ ಆ ಸ್ನಾಯು ಗಿಡ್ಡವಾಗಿರಲೇ ಇಲ್ಲ! ಬೇಡದ ಕಡೆ ಕತ್ತರಿ ಆಡಿಸಿದರೆ ಇದ್ದ ಬಲವೂ ಕುಂದೀತು.

ಮಾದರಿ ವೈದ್ಯರ ಜಾಗದಲ್ಲಿ ಕೂರುವುದಿಲ್ಲ. ಆದರೂ ನಿಮ್ಮ ಪರಿಚಯದ ಮಗುವಿಗೆ ಇಂಥ ಶಸ್ತ್ರಚಿಕಿತ್ಸೆಯ ಮಾತು ಬಂದರೆ, "ನಡಿಗೆಯ ಪರೀಕ್ಷೆ ಆಗಿದೆಯೇ?" ಎಂದು ವೈದ್ಯರನ್ನು ಕೇಳಲು ಮರೆಯಬೇಡಿ.