ಅಲ್ಪವಿರಾಮಗಳ ನಡುವಿನಿಂದ ಒಂದೇ ಅಂಕಿ ತೆಗೆಯುವುದು ಹೇಗೆ?

ಪ್ರಶ್ನೆ: ನಮ್ಮ ಡೇಟಾಬೇಸಿನ ಒಂದು ಕಾಲಮ್ಮಿನಲ್ಲಿ ಗ್ರಾಹಕರ ಆಯ್ಕೆಗಳು 12,2,25 ಎಂದು ಒಟ್ಟಿಗೇ ಕೂತಿವೆ. ಇದರಲ್ಲಿ 2 ಮಾತ್ರ ಹೋಗಬೇಕು. ಏನು ಮಾಡಲಿ?

ಉತ್ತರ: ಎಲ್ಲರ ಕೈ ಮೊದಲು ಹೋಗುವುದು ರಿಪ್ಲೇಸ್ ಫಂಕ್ಷನ್ ಕಡೆಗೆ. ಅಲ್ಲೇ ಅಪಾಯ. '2,' ಎಂಬುದನ್ನು ಅಳಿಸಿ ಎಂದರೆ ಅದು 12ರ ಬಾಲವನ್ನೂ ಕತ್ತರಿಸಿ, ಉಳಿದದ್ದನ್ನು ಅಂಟಿಸಿ 125 ಎಂಬ ಹೊಸ ಸಂಖ್ಯೆಯನ್ನೇ ಹುಟ್ಟಿಸುತ್ತದೆ. ದೋಷದ ಸಂದೇಶವೂ ಬರುವುದಿಲ್ಲ.

ಮೊದಲು ಬ್ಯಾಕಪ್ ತೆಗೆದಿಡಿ. ಆಮೇಲೆ ಪಟ್ಟಿಯ ಎರಡೂ ತುದಿಗೆ ಒಂದೊಂದು ಅಲ್ಪವಿರಾಮ ಸೇರಿಸಿ: ,12,2,25, ಎಂದಾಗುತ್ತದೆ. ಈಗ ',2,' ಇದ್ದಲ್ಲಿ ',' ಇಡಿ. ಕೊನೆಗೆ ಟ್ರಿಮ್ ಬಳಸಿ ತುದಿಯ ಅಲ್ಪವಿರಾಮಗಳನ್ನು ತೆಗೆದರೆ 12,25 ಉಳಿಯುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಇಷ್ಟನ್ನೂ ಒಂದೇ ಅಪ್‌ಡೇಟ್ ಆಜ್ಞೆಯಲ್ಲಿ ಬರೆಯಬಹುದು. ಷರತ್ತಿಗೆ ಫೈಂಡ್_ಇನ್_ಸೆಟ್ ಹಾಕಿದರೆ 2 ಇರುವ ಸಾಲುಗಳು ಮಾತ್ರ ಬದಲಾಗುತ್ತವೆ. ಅಲ್ಪವಿರಾಮದ ಪಕ್ಕ ಖಾಲಿ ಜಾಗವಿದ್ದರೆ ಮೊದಲೇ ಅಳಿಸಿ. 2 ಬೆನ್ನುಬೆನ್ನಿಗೆ ಎರಡು ಸಲ ಇದ್ದರೆ ಒಂದು ಉಳಿದುಬಿಡುತ್ತದೆ, ಇನ್ನೊಮ್ಮೆ ಓಡಿಸಬೇಕು. ಪೋಸ್ಟ್‌ಗ್ರೆಸ್‌ನಲ್ಲಾದರೆ ಪಟ್ಟಿಯನ್ನು ಅರೇ ಮಾಡಿಕೊಂಡು ಅರೇ_ರಿಮೂವ್ ಬಳಸಿ. ಈ ಕಸರತ್ತು ಬೇಡ.

ಆದರೆ ನನ್ನ ಒತ್ತಾಯ ಬೇರೆಯೇ. ಒಂದು ಕೋಶಕ್ಕೆ ಒಂದೇ ಮೌಲ್ಯ ಎಂಬ ನಿಯಮದ ಮೂಲ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ರಿಲೇಶನಲ್ ಮಾದರಿಯಲ್ಲಿದೆ. ಗ್ರಾಹಕ-ಆಯ್ಕೆ ಜೋಡಿಗಳಿಗೆ ಬೇರೆ ಟೇಬಲ್ ಮಾಡಿ. ಆಗ 2 ತೆಗೆಯಲು ಒಂದು ಸಾಲು ಡಿಲೀಟ್ ಮಾಡಿದರೆ ಸಾಕು.